ಹಾವಿಗಿಂತ ಮೊದಲು ಹುತ್ತ

ಹುತ್ತ ಕಟ್ಟುವುದು ಗೆದ್ದಲು, ಸೇರಿಕೊಳ್ಳುವುದು ಹಾವು. ಊರಿನಲ್ಲಿ ಈ ಮಾತು ಬರುವುದು ಇನ್ನೊಬ್ಬರ ದುಡಿಮೆ ತಿನ್ನುವವರನ್ನು ಬೈಯುವಾಗ. ಮನೆಯಲ್ಲಿ ಹಾವು ಸಾಕಲು ಹೊರಟವರು ಮಾತ್ರ ಅದನ್ನು ಇದ್ದ ಹಾಗೇ ತೆಗೆದುಕೊಳ್ಳಬೇಕು. ಇಲ್ಲಿ ಗೆದ್ದಲು ನಾವೇ. ಹೊರಗೆ ಬಿಸಿಲು ಸುಡಲಿ, ಮಳೆ ಜಡಿಯಲಿ, ಹುತ್ತದೊಳಗೆ ಕಾವೂ ತೇವವೂ ಅಷ್ಟಾಗಿ ಏರುಪೇರಾಗುವುದಿಲ್ಲ. ನಾವು ತಂದಿಡುವ ಪೆಟ್ಟಿಗೆಗೂ ಆ ಗುಣ ಬರಬೇಕು, ಅದೂ ಹಾವು ಮನೆಗೆ ಬರುವ ಮೊದಲೇ.

ನಾವಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಮಗಳು ಎರಡು ವರ್ಷ ಬಿಡದೆ ಪೀಡಿಸಿದ ಮೇಲೆ ಒಂದು ಕಾರ್ನ್ ಸ್ನೇಕ್ ಮರಿ ಮನೆಗೆ ಬಂತು. ಹೆಸರು ಜೋಳಪ್ಪ. ಅರಸೀಕೆರೆಯಿಂದ ವಿಡಿಯೊ ಕಾಲ್‌ನಲ್ಲಿ ಅದನ್ನು ನೋಡಿದ ಅತ್ತೆ ಮೊದಲು ಕೈಮುಗಿದರು. ಆಮೇಲೆ, "ಏನೇ ಇದು, ಹುತ್ತಾನೇ ಮನೆಯೊಳಗೆ ತಂದಿಟ್ಕೊಂಡಿದ್ದೀಯಲ್ಲೇ!" ಅಂತ ಬೈದರು. ಈ ಐದು ವರ್ಷದಲ್ಲಿ ಮಾಡಿದ ತಪ್ಪುಗಳಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾನೂನು ಮೊದಲು

ಕರ್ನಾಟಕದಲ್ಲಿ ಕೂತು ಓದುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾಗರ, ಕೇರೆ, ಹೆಬ್ಬಾವು, ಮಣ್ಣುಮುಕ್ಕ, ಇವ್ಯಾವುದನ್ನೂ ಹಿಡಿದು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. 'ಎರಡು ತಲೆ ಹಾವು' ಮನೆಯಲ್ಲಿದ್ದರೆ ದುಡ್ಡು ಬರುತ್ತದೆಂದು ಯಾರಾದರೂ ಆಸೆ ಹುಟ್ಟಿಸಿದರೆ ಆ ಮಾತಿಗೆ ಕಿವಿಗೊಡಬೇಡಿ. ಅದು ಮಣ್ಣುಮುಕ್ಕವೇ, ಅದಕ್ಕೆ ಇರುವುದು ಒಂದೇ ತಲೆ, ಇನ್ನೊಂದು ಕಡೆ ಮೊಂಡು ಬಾಲ. ಹೊರದೇಶದ ಹಾವುಗಳಿಗೂ ನಿಯಮವಿದೆ. ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಬಾಲ್ ಪೈಥಾನ್‌ನಂಥವನ್ನು ಸಾಕುವವರು 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು.

ಇಂಗ್ಲೆಂಡಿನಲ್ಲೂ ಕಾಡಿನ ಹಾವನ್ನು ಮನೆಗೆ ತರುವ ಮಾತೇ ಇಲ್ಲ. ಅಂಗಡಿಯಲ್ಲಿ, ಬ್ರೀಡರ್ ಹತ್ತಿರ ಸಿಗುವ ಕಾರ್ನ್ ಸ್ನೇಕ್‌ಗೆ ಲೈಸೆನ್ಸ್ ಬೇಡ. ನಾಗರ, ಮಂಡಲದ ಹಾವಿನಂಥ ವಿಷದ ಜಾತಿಗಳಿಗೆ 1976ರ ಅಪಾಯಕಾರಿ ಪ್ರಾಣಿಗಳ ಕಾಯ್ದೆಯಡಿ ಲೈಸೆನ್ಸ್ ಕಡ್ಡಾಯ. ಹದಿನಾರು ತುಂಬದ ಮಕ್ಕಳಿಗೆ ಪ್ರಾಣಿ ಮಾರುವಂತಿಲ್ಲ. ಹಾಗಾಗಿ ಹಠ ಮಗಳದ್ದಾದರೂ ಹಾವು ಇರುವುದು ನನ್ನ ಹೆಸರಿನಲ್ಲಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ.

ಮನೆಯವರೆಲ್ಲ ಕೂತು ಮಾತಾಡಬೇಕಾದದ್ದು

ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ರಾಜ್ಯಗಳ ಹಾವು. ವಿಷವಿಲ್ಲ, ಇಲಿಯನ್ನು ಸುತ್ತಿ ಬಿಗಿದು ತಿನ್ನುತ್ತದೆ. ಜೋಳದ ಕಣಜಗಳಲ್ಲಿ ಇಲಿ ಹುಡುಕುತ್ತಿತ್ತು, ಅದಕ್ಕೇ ಆ ಹೆಸರು ಎನ್ನುತ್ತಾರೆ. ಹೊಟ್ಟೆಯ ಕೆಳಗಿನ ಚೌಕಳಿ ಗೋವಿನಜೋಳದ ತೆನೆಯಂತೆ ಕಾಣುವುದರಿಂದ ಎನ್ನುವವರೂ ಇದ್ದಾರೆ. ನಮ್ಮ ಹುಲ್ಲಿನ ಬಣವೆಯ ಕೇರೆ ಹಾವಿಗೆ ದೂರದ ನೆಂಟ ಅಂದುಕೊಳ್ಳಿ. ಮೊಟ್ಟೆಯೊಡೆದು ಬಂದಾಗ ಪೆನ್ಸಿಲ್ ದಪ್ಪ, ಬೆಳೆದ ಮೇಲೆ ಮೂರರಿಂದ ಐದು ಅಡಿ. ಹದಿನೈದು, ಇಪ್ಪತ್ತು ವರ್ಷ ಬದುಕುತ್ತದೆ. ಮಗಳು ಓದಲು ಬೇರೆ ಊರಿಗೆ ಹೋದರೆ ಹಾವು ಯಾರದ್ದು? ನಮ್ಮ ಮನೆಯಲ್ಲಿ ಉತ್ತರ ಗೊತ್ತಾಗಿಹೋಗಿದೆ.

ಎರಡನೆಯದು ಊಟ. ಹಾವಿಗೆ ಸಸ್ಯಾಹಾರವಿಲ್ಲ, ಹಾಲೂ ಇಲ್ಲ. ನಾಗರಪಂಚಮಿಯ ಹಾಲು ನಮ್ಮ ಭಕ್ತಿಗೆ ಸರಿ, ಹಾವಿನ ಹೊಟ್ಟೆಗಲ್ಲ. ಅದಕ್ಕೆ ಬೇಕಾದದ್ದು ಇಲಿ. ಅಂಗಡಿಯಲ್ಲಿ ಹೆಪ್ಪುಗಟ್ಟಿಸಿದ ಇಲಿಗಳು ಪ್ಯಾಕೆಟ್‌ನಲ್ಲಿ ಸಿಗುತ್ತವೆ, ಇಡಬೇಕಾದದ್ದು ಫ್ರೀಜರಿನಲ್ಲಿ. ಮೊಟ್ಟೆಯನ್ನೂ ತರದ ನಮ್ಮ ಮನೆಯ ಫ್ರೀಜರಿನಲ್ಲಿ ಅವರೆಕಾಳಿನ ಪಕ್ಕ ಇಲಿಯ ಪ್ಯಾಕೆಟ್! ಒಂದು ವಾರದ ಜಗಳದ ನಂತರ ಗ್ಯಾರೇಜಿಗೆ ಪುಟ್ಟ ಸೆಕೆಂಡ್‌ಹ್ಯಾಂಡ್ ಫ್ರೀಜರ್ ಬಂತು. ನಿಮ್ಮ ಮನೆಯ ಜಗಳವನ್ನು ಹಾವು ಬರುವ ಮೊದಲೇ ಮುಗಿಸಿಕೊಳ್ಳಿ.

ಜಾಗ

ಪೆಟ್ಟಿಗೆ ಎಲ್ಲಿಡುವುದು? ಕಿಟಕಿಯ ನೇರ ಬಿಸಿಲು ಬೀಳುವಲ್ಲಿ ಬೇಡ, ಗಾಜಿನ ಪೆಟ್ಟಿಗೆ ಒಂದೇ ಗಂಟೆಯಲ್ಲಿ ಒಲೆಯಾಗುತ್ತದೆ. ರೇಡಿಯೇಟರ್ ಪಕ್ಕ, ಬಾಗಿಲಿನ ಗಾಳಿಗೆ ಎದುರಾಗಿಯೂ ಬೇಡ. ನೆಲದ ಅದುರನ್ನು ಹಾವು ಮೈಯಿಂದಲೇ ಗ್ರಹಿಸುತ್ತದೆ. ವಾಷಿಂಗ್ ಮಷೀನ್, ದೊಡ್ಡ ಸ್ಪೀಕರ್ ಇದ್ದ ಗೋಡೆಗೂ ಒರಗಿಸಬೇಡಿ.

ನಮ್ಮವರ ಮನೆಗಳಿಗೆಂದೇ ಒಂದು ಮಾತು: ಹೊಗೆ. ಊದುಬತ್ತಿ, ಸಾಂಬ್ರಾಣಿ, ಒಣಮೆಣಸಿನಕಾಯಿ ಒಗ್ಗರಣೆಯ ಘಾಟು, ರೂಮ್ ಸ್ಪ್ರೇ, ಇವೆಲ್ಲ ಹಾವಿನ ಉಸಿರಾಟಕ್ಕೆ ಒಳ್ಳೆಯದಲ್ಲ. ದೇವರ ಗೂಡು, ಅಡುಗೆಮನೆಗಳಿಂದ ದೂರದ ಕೋಣೆಯೇ ಆಗಬೇಕು. ಅಡುಗೆಮನೆ ಬೇಡ ಎನ್ನಲು ಇನ್ನೊಂದು ಕಾರಣ ಸಾಲ್ಮೊನೆಲ್ಲಾ. ನೋಡಲು ಆರೋಗ್ಯವಾಗಿರುವ ಹಾವಿನ ಮೈಮೇಲೂ ಹೊಟ್ಟೆ ಕೆಡಿಸುವ ಈ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ತೀರಾ ವಯಸ್ಸಾದವರು ಇರುವ ಮನೆಯವರು ಹಾವು ತರುವ ಮೊದಲು ಮತ್ತೊಮ್ಮೆ ಯೋಚಿಸಲಿ.

ಪೆಟ್ಟಿಗೆ

ಬೆಳೆದ ಕಾರ್ನ್ ಸ್ನೇಕ್‌ಗೆ 120 ಸೆಂಟಿಮೀಟರ್ ಉದ್ದ, 60 ಅಗಲ, 60 ಎತ್ತರ ಇರಲಿ. ಹಾವು ಮೈಯನ್ನು ಪೂರ್ತಿ ನೇರವಾಗಿ ಚಾಚುವಷ್ಟು ಉದ್ದ ಸಿಗಬೇಕು ಎಂಬುದೇ ಲೆಕ್ಕ. ಹಾವು ಇನ್ನೂ ಉದ್ದ ಬೆಳೆದರೆ ಪೆಟ್ಟಿಗೆಯೂ ಬೆಳೆಯಬೇಕು. ಮರಿಯನ್ನು ದೊಡ್ಡ ಪೆಟ್ಟಿಗೆಯಲ್ಲಿ ಬಿಟ್ಟರೆ ಹೆದರುತ್ತದೆ ಎನ್ನುತ್ತಾರೆ. ಅದು ಹೆದರುವುದು ಬಯಲಿಗೆ. ಅಡಗಲು ಎಲೆ, ತೊಗಟೆ, ಕೊಳವೆ ತುಂಬಿದ್ದರೆ ದೊಡ್ಡ ಪೆಟ್ಟಿಗೆಯಲ್ಲೂ ಮರಿ ಆರಾಮಾಗಿರುತ್ತದೆ. ಒಂದು ಪೆಟ್ಟಿಗೆಗೆ ಒಂದೇ ಹಾವು. 'ಜೊತೆಗೆ ಇನ್ನೊಂದಿರಲಿ, ಪಾಪ' ಎಂಬ ಕನಿಕರ ನಮ್ಮದು. ಅದಕ್ಕೆ ಜೊತೆ ಬೇಡ.

ಬಾಗಿಲು ಮುಂದಿನಿಂದ ತೆರೆಯುವಂಥದ್ದೇ ಇರಲಿ. ಮೇಲಿನಿಂದ ಇಳಿಯುವ ಕೈ ಹಾವಿಗೆ ಗರುಡನ ಹಾಗೆ ಕಾಣುತ್ತದೆ, ಸಾಧು ಹಾವೂ ಬೆದರುತ್ತದೆ. ನಾವು ತಂದದ್ದು ಮರದ ಪೆಟ್ಟಿಗೆ, ಎದುರಿಗೆ ಜಾರುವ ಎರಡು ಗಾಜು. ಮರ ಕಾವನ್ನು ಹಿಡಿದಿಡುತ್ತದೆ. ಜೋಡಿಸಿದ ಮೇಲೆ ಒಳಗಿನ ಮೂಲೆ, ಸಂದುಗಳಿಗೆಲ್ಲ ಅಕ್ವೇರಿಯಂಗೆ ಬಳಸುವ ಸಿಲಿಕೋನ್ ಹಚ್ಚಿ. ಇಲ್ಲದಿದ್ದರೆ ನೀರು ಇಳಿದು ಹಲಗೆ ಉಬ್ಬುತ್ತದೆ. ಹಚ್ಚಿದ ಮೇಲೆ ವಾಸನೆ ಪೂರ್ತಿ ಹೋಗುವವರೆಗೆ ಬಾಗಿಲು ತೆರೆದಿಟ್ಟು ಕೆಲವು ದಿನ ಹಾಗೇ ಬಿಡಿ.

ಆಮೇಲೆ ಬೀಗ. ತಲೆ ತೂರಿದ ಕಡೆ ಮೈಯೂ ತೂರುತ್ತದೆ ಎಂಬುದು ಹಾವಿನ ವಿಷಯದಲ್ಲಿ ಗಾದೆಯಲ್ಲ, ಅಳತೆ. ಎರಡು ಗಾಜುಗಳ ನಡುವಿನ ಸಂದು, ವೈರ್ ಹೋಗುವ ತೂತು, ಗಾಳಿಕಿಂಡಿಯ ಜಾಲರಿ, ಎಲ್ಲದಕ್ಕೂ ಪೆನ್ಸಿಲ್ ಹಿಡಿದು ನೋಡಿ. ಪೆನ್ಸಿಲ್ ಹೋದರೆ ಮರಿ ಹೋಗುತ್ತದೆ.

ಕಾವು: ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ

ಹಾವಿನ ಮೈ ತಾನಾಗಿ ಬಿಸಿಯಾಗುವುದಿಲ್ಲ. ಬಿಸಿ ಬೇಕಾದಾಗ ಬಿಸಿಯ ಕಡೆ, ತಂಪು ಬೇಕಾದಾಗ ತಂಪಿನ ಕಡೆ ಸರಿಯುವುದೊಂದೇ ಅದಕ್ಕೆ ಗೊತ್ತಿರುವ ದಾರಿ. ತಿಂದದ್ದು ಜೀರ್ಣವಾಗಲೂ ಕಾವು ಬೇಕು. ಹಾಗಾಗಿ ಪೆಟ್ಟಿಗೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತಂಪಾಗಿ ಇರಬೇಕು. ಬೆಚ್ಚನೆಯ ತುದಿಯ ಗಾಳಿ 28ರಿಂದ 30 ಡಿಗ್ರಿ ಸೆಲ್ಸಿಯಸ್, ಮೈಕಾಯಿಸುವ ಕಲ್ಲಿನ ಮೇಲ್ಮೈ 32ರವರೆಗೆ, ತಂಪು ತುದಿ 22ರಿಂದ 24. ರಾತ್ರಿ ಸ್ವಲ್ಪ ಇಳಿದರೆ ತೊಂದರೆಯಿಲ್ಲ, 20ಕ್ಕಿಂತ ಕೆಳಗೆ ಬೇಡ.

ಬಿಸಿಗೆ ಬಲ್ಬ್, ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ ಸೆರಾಮಿಕ್ ಹೀಟರ್ ಅಥವಾ ಚಾಪೆಯಂಥ ಹೀಟ್ ಮ್ಯಾಟ್ ಬಳಸಬಹುದು. ಯಾವುದೇ ಆದರೂ, ಕಾವನ್ನು ಅಳೆದು ಹದದಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಸ್ವಿಚ್ ಹಾಕಬೇಡಿ. ಬಲ್ಬಿಗೆ ಬೆಳಕನ್ನು ಏರಿಸಿ ಇಳಿಸುವ ಡಿಮ್ಮಿಂಗ್ ಥರ್ಮೋಸ್ಟಾಟ್, ಸೆರಾಮಿಕ್‌ಗೆ ಬಿಟ್ಟು ಬಿಟ್ಟು ಕರೆಂಟ್ ಕೊಡುವ ಪಲ್ಸ್, ಮ್ಯಾಟಿಗೆ ಸಾದಾ ಆನ್-ಆಫ್ ಸಾಕು. ಪೆಟ್ಟಿಗೆಯ ಒಳಗೆ ಬಲ್ಬ್ ಇದ್ದರೆ ಸುತ್ತ ತಂತಿಯ ಪಂಜರ ಬೇಕೇ ಬೇಕು. ಕಾದ ಬಲ್ಬಿಗೆ ಸುತ್ತಿಕೊಂಡ ಹಾವು ಸುಡುತ್ತಿದೆ ಎಂದು ಸರಿದುಹೋಗುತ್ತದೆ ಎಂದು ನಂಬಿ ಕೂರಬೇಡಿ. ಎಷ್ಟೋ ಹಾವುಗಳು ಸರಿಯದೆ ಹೊಟ್ಟೆ ಸುಟ್ಟುಕೊಳ್ಳುತ್ತವೆ. ಒಳಗೇ ವೈರ್ ಇರುವ 'ಬಿಸಿ ಕಲ್ಲು' ಮಾರುತ್ತಾರಲ್ಲ, ಅದನ್ನು ಕೊಳ್ಳಲೇಬೇಡಿ.

ಥರ್ಮೋಸ್ಟಾಟಿನ ತುದಿಯಲ್ಲಿ ಕಡ್ಡಿಯಂಥ ಪ್ರೋಬ್ ಇರುತ್ತದೆ. ಕಾವನ್ನು ಅಳೆಯುವುದು ಅದೇ. ನಮ್ಮ ಮೊದಲ ತಪ್ಪು ಅಲ್ಲೇ ಆಯಿತು. ಪ್ರೋಬನ್ನು ಸೆಲ್ಲೋಟೇಪಿನಿಂದ ಗೋಡೆಗೆ ಅಂಟಿಸಿದ್ದೆ. ಮೂರನೇ ದಿನ ಟೇಪ್ ಬಿಟ್ಟು, ಪ್ರೋಬ್ ಜಾರಿ ತಂಪು ತುದಿಯ ನೀರಿನ ಬಟ್ಟಲಿಗೆ ಬಿತ್ತು. ನೀರು ತಣ್ಣಗಿದೆ, ಪೆಟ್ಟಿಗೆ ತಣ್ಣಗಿದೆ ಎಂದು ತಿಳಿದ ಥರ್ಮೋಸ್ಟಾಟ್ ಬಲ್ಬನ್ನು ಪೂರ್ತಿ ಉರಿಸುತ್ತಲೇ ಹೋಯಿತು. ನಾನು ಕೆಲಸದಿಂದ ಬಂದಾಗ ಬೆಚ್ಚನೆಯ ತುದಿಯ ಥರ್ಮಾಮೀಟರ್ 43 ತೋರಿಸುತ್ತಿತ್ತು. ಪುಣ್ಯಕ್ಕೆ ಪೆಟ್ಟಿಗೆ ಖಾಲಿಯಿತ್ತು. ಪ್ರೋಬನ್ನು ಕೇಬಲ್ ಟೈ ಹಾಕಿ ಕ್ಲಿಪ್ಪಿಗೆ ಬಿಗಿಯಿರಿ. ಟೇಪ್ ಪೆಟ್ಟಿಗೆಯೊಳಗೆ ಹೋಗಲೇಬಾರದು, ಅದು ಹಾವಿನ ಚರ್ಮಕ್ಕೆ ಅಂಟಿಕೊಂಡರೆ ಬಿಡಿಸುವುದು ದೊಡ್ಡ ಪಾಡು. ಥರ್ಮೋಸ್ಟಾಟಿನ ಅಂಕಿಯನ್ನೇ ನಂಬದೆ ಎರಡೂ ತುದಿಗೆ ಬೇರೆ ಬೇರೆ ಡಿಜಿಟಲ್ ಥರ್ಮಾಮೀಟರ್ ಇಡಿ. ಒಂದರಲ್ಲಾದರೂ ತೇವ ಅಳೆಯುವ ಮೀಟರ್ ಇರಲಿ. ತೇವ ನೂರಕ್ಕೆ 40ರಿಂದ 60ರ ನಡುವೆ ಇದ್ದರೆ ಸಾಕು.

ಬೆಳಕು ದಿನಕ್ಕೆ ಹನ್ನೆರಡು ಗಂಟೆ, ಟೈಮರ್ ಹಾಕಿಬಿಡಿ. ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಬೀರುವ ಕಡಿಮೆ ಶಕ್ತಿಯ ಯುವಿಬಿ ಟ್ಯೂಬ್ ಇದ್ದರೆ ಒಳ್ಳೆಯದು. ಯುವಿಬಿ ಇಲ್ಲದೆಯೂ ಕಾರ್ನ್ ಸ್ನೇಕ್‌ಗಳು ತಲೆಮಾರುಗಟ್ಟಲೆ ಬದುಕಿವೆ, ಆದರೂ ಇದ್ದರೆ ಚೆನ್ನ ಎಂಬ ಪಕ್ಷ ನನ್ನದು.

ನೆಲ, ಗೂಡು, ಕೊಂಬೆ

ನೆಲಕ್ಕೆ ಹಾಸಲು ಅಂಗಡಿಯಲ್ಲಿ ಇಟ್ಟಿಗೆಯಂತೆ ಒತ್ತಿದ ತೆಂಗಿನ ನಾರಿನ ಪುಡಿ ಸಿಕ್ಕಿತು. ಬಕೆಟ್ ನೀರಿನಲ್ಲಿ ನೆನೆಸಿದರೆ ಉಬ್ಬಿ ಹಲವು ಪಟ್ಟಾಗುತ್ತದೆ. ಹಿತ್ತಿಲ ತುಂಬ ತೆಂಗಿನ ಸಿಪ್ಪೆ ರಾಶಿ ಬಿದ್ದಿರುವ ಅರಸೀಕೆರೆಯ ಸೊಸೆ ನಾನು. ಅದೇ ಸಿಪ್ಪೆಯ ಪುಡಿಗೆ ಪೌಂಡು ಎಣಿಸಿಕೊಟ್ಟೆ ಎಂದು ಅತ್ತೆಗೆ ಇವತ್ತಿಗೂ ಹೇಳಿಲ್ಲ. ಹಿಂಡಿ, ಆರಿಸಿ, ಏಳೆಂಟು ಸೆಂಟಿಮೀಟರ್ ದಪ್ಪ ಹಾಸಿ. ಹಾವು ಅದರೊಳಗೆ ತೂರಿಕೊಂಡು ಸುಖವಾಗಿರುತ್ತದೆ. ಆಸ್ಪೆನ್ ಮರದ ಹೊಟ್ಟೂ ಆಗುತ್ತದೆ. ಸೀಡರ್, ಪೈನ್ ಹೊಟ್ಟು ಮಾತ್ರ ಬೇಡ, ಅವುಗಳ ಎಣ್ಣೆ ಹಾವಿಗೆ ಕೆಡುಕು. ಹೊಸ ಹಾವಿಗೆ ಮೊದಲ ಕೆಲವು ವಾರ ಬರೀ ಪೇಪರ್ ಟವೆಲ್ ಹಾಸಿದರೆ ಮಲ ಹೇಗಿದೆ, ಉಣ್ಣಿಯಂಥ ಸಣ್ಣ ಕೀಟವೇನಾದರೂ ಇದೆಯೇ ಎಂದು ನೋಡುವುದು ಸುಲಭ.

ಅಡಗಲು ಗೂಡು ಕಡಿಮೆಯೆಂದರೆ ಎರಡು, ಬಿಸಿಯ ಕಡೆ ಒಂದು, ತಂಪಿನ ಕಡೆ ಒಂದು. ಗೂಡು ಒಂದೇ ಇದ್ದರೆ ಹಾವು ಕಾವು ಬಿಟ್ಟು ಭದ್ರತೆಯನ್ನು ಆರಿಸಿಕೊಳ್ಳುತ್ತದೆ: ಚಳಿಯಾದರೂ ಸರಿ, ಮರೆಯಲ್ಲೇ ಕೂರುತ್ತದೆ. ಗೂಡು ಇಕ್ಕಟ್ಟಾಗಿರಲಿ, ಸುತ್ತಿ ಕೂತ ಹಾವಿನ ಮೈ ಗೋಡೆಗಳಿಗೆ ತಾಗಬೇಕು. ಮೂರನೆಯ ಗೂಡು ಪೊರೆ ಬಿಡುವ ಕಾಲಕ್ಕೆ. ಖಾಲಿ ಐಸ್‌ಕ್ರೀಂ ಡಬ್ಬಿಗೆ ತೂತು ಕೊರೆದು, ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ, ಒಳಗೆ ಒದ್ದೆ ಪಾಚಿ (ಮಾಸ್) ತುಂಬಿಡಿ. ಡಬ್ಬಿ ಎಸೆಯದ ನಮ್ಮ ಗುಣ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಕಾರ್ನ್ ಸ್ನೇಕ್ ಮರ ಹತ್ತುತ್ತದೆ, ಒಂದೆರಡು ಗಟ್ಟಿ ಕೊಂಬೆ ಅಡ್ಡ ಹಾಕಿ. ಹೊರಗಿನಿಂದ ತಂದ ಕೊಂಬೆಯನ್ನು ಉಜ್ಜಿ, ಕುದಿನೀರು ಸುರಿದು, ಪೂರ್ತಿ ಒಣಗಿಸಿ. ಕಲ್ಲುಗಳನ್ನು ಪೆಟ್ಟಿಗೆಯ ತಳಕ್ಕೇ ಕೂರಿಸಿ ಆಮೇಲೆ ನಾರು ಹಾಸಿ, ಇಲ್ಲದಿದ್ದರೆ ಹಾವು ಅಡಿಯಲ್ಲಿ ತೋಡಿದಾಗ ಕಲ್ಲು ಅದರ ಮೇಲೆಯೇ ಕುಸಿಯುತ್ತದೆ. ನೀರಿಗೆ ಉರುಳದಂಥ ಭಾರದ ಬಟ್ಟಲು, ತಂಪಿನ ಕಡೆ. ನೀರು ದಿನಾ ಬದಲಿಸಿ.

ಖಾಲಿ ಪೆಟ್ಟಿಗೆಯ ಒಂದು ವಾರ

ಎಲ್ಲ ಜೋಡಿಸಿಯಾಯಿತು. ಈಗ ಹಾವು ತರಬೇಡಿ! ಸ್ವಿಚ್ ಹಾಕಿ, ಏಳು ದಿನ ಖಾಲಿ ಪೆಟ್ಟಿಗೆಯನ್ನೇ ಸಾಕಿ. ಬೆಳಿಗ್ಗೆ, ಮಧ್ಯಾಹ್ನ, ಮಲಗುವ ಮುನ್ನ ಎರಡೂ ತುದಿಯ ಅಂಕಿ ಬರೆದಿಡಿ. ನಮ್ಮ ಪ್ರೋಬ್ ನೀರಿಗೆ ಬಿದ್ದದ್ದು ಗೊತ್ತಾದದ್ದು ಈ ವಾರದಲ್ಲೇ. ನಾಲ್ಕು ದಿನ ಅಂಕಿ ಅಲುಗಾಡದೆ ನಿಂತ ಮೇಲೆ ಅಂಗಡಿಗೆ ಫೋನ್ ಮಾಡಿ.

ಕೊಳ್ಳುವಾಗ ಸಾಕಣೆಯಲ್ಲೇ ಹುಟ್ಟಿದ ಮರಿಯನ್ನೇ ಕೇಳಿ. ಯಾವತ್ತು ಏನು ತಿಂದಿದೆ ಎಂಬ ದಾಖಲೆ ಕೇಳಿ. ಮನೆಗೆ ಬಂದ ಮೇಲೆ ಒಂದು ವಾರ ಮುಟ್ಟಬೇಡಿ. ನೆಂಟರನ್ನು ಕರೆದು ತೋರಿಸಬೇಡಿ, ಪೆಟ್ಟಿಗೆಯ ಎದುರು ಅರ್ಧ ಬಟ್ಟೆ ಇಳಿಬಿಡಿ. ನಂತರ ಮೊದಲ ಊಟ. ಇಲಿಯನ್ನು ರಾತ್ರಿಯೇ ಫ್ರೀಜರಿನಿಂದ ತೆಗೆದು ಕರಗಲು ಬಿಟ್ಟು, ಹಾಕುವ ಮುನ್ನ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ. ಮೈಕ್ರೋವೇವ್ ಬೇಡ: ಒಳಗೆ ಬೆಂದು, ಒಡೆದು, ಆ ವಾಸನೆ ಮನೆ ಬಿಟ್ಟು ಹೋಗುವುದಿಲ್ಲ. ಇಲಿ ಹಾವಿನ ಮೈಯ ಅತಿ ದಪ್ಪ ಭಾಗದಷ್ಟು, ಹೆಚ್ಚೆಂದರೆ ಅದರ ಒಂದೂವರೆ ಪಟ್ಟು ಇರಲಿ. ಉದ್ದ ಇಕ್ಕಳದಲ್ಲಿ ಕೊಡಿ, ಬೆರಳಲ್ಲಿ ಬೇಡ. ಮರಿಗೆ ಐದರಿಂದ ಏಳು ದಿನಕ್ಕೊಮ್ಮೆ, ಬೆಳೆದದ್ದಕ್ಕೆ ಹತ್ತರಿಂದ ಹದಿನಾಲ್ಕು ದಿನಕ್ಕೊಮ್ಮೆ ಸಾಕು. ತಿಂದ ಮೇಲೆ ಎರಡು ದಿನ ಎತ್ತಬೇಡಿ, ಕಕ್ಕಿಬಿಡುತ್ತದೆ.

ಕಣ್ಣು ಹಾಲು ಸೇರಿಸಿದ ನೀಲಿಯಂತೆ ಮಸುಕಾದರೆ ಗಾಬರಿ ಬೇಡ, ಪೊರೆ ಬಿಡುವ ಕಾಲ ಬಂತು ಎಂದರ್ಥ. ಒದ್ದೆ ಡಬ್ಬಿಯ ಪಾಚಿಗೆ ನೀರು ಚಿಮುಕಿಸಿ, ಹಾವನ್ನು ಅದರ ಪಾಡಿಗೆ ಬಿಡಿ. ಪೊರೆ ಒಂದೇ ಚೀಲವಾಗಿ ಕಳಚಿ ಬಂದರೆ ತೇವ ಸರಿಯಿದೆ. ಚೂರುಚೂರಾಗಿ ಬಂದರೆ ಕಡಿಮೆಯಾಗಿದೆ. ಕಣ್ಣಿನ ಮೇಲೆ ಪೊರೆ ಉಳಿದರೆ ಕೀಳಲು ಹೋಗದೆ ಹಾವುಗಳನ್ನು ನೋಡುವ ಪಶುವೈದ್ಯರ ಹತ್ತಿರ ಒಯ್ಯಿರಿ. ಬಾಯಿ ತೆರೆದು ಉಸಿರಾಡಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ, ನೀರಿನ ಬಟ್ಟಲಿನಲ್ಲಿ ಕರಿ ಚುಕ್ಕೆಗಳಂಥ ಹುಳ ತೇಲಿದರೆ, ಆಗಲೂ ಅಷ್ಟೇ. ಅಂಥ ವೈದ್ಯರು ನಿಮ್ಮೂರಲ್ಲಿ ಯಾರಿದ್ದಾರೆ ಎಂದು ಮೊದಲೇ ವಿಚಾರಿಸಿಡಿ, ಎಲ್ಲ ಪಶುವೈದ್ಯರೂ ಹಾವು ನೋಡುವುದಿಲ್ಲ.

ಮಲ ಕಂಡ ದಿನವೇ ತೆಗೆಯಿರಿ, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಪೂರ್ತಿ ಖಾಲಿ ಮಾಡಿ ತೊಳೆಯಿರಿ. ಬಟ್ಟಲು, ಇಕ್ಕಳ ಯಾವುದನ್ನೂ ಅಡುಗೆಮನೆಯ ಸಿಂಕಿಗೆ ತರಬೇಡಿ. ಹಾವು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು, ಊಟಕ್ಕೆ ಮುಂಚೆ ತೊಳೆಯುವಷ್ಟೇ ಅಭ್ಯಾಸವಾಗಬೇಕು.

ತಪ್ಪಿಸಿಕೊಂಡರೆ

ಒಂದಲ್ಲ ಒಂದು ದಿನ ತಪ್ಪಿಸಿಕೊಳ್ಳುತ್ತದೆ. ಜೋಳಪ್ಪ ಓಡಿದ್ದು ಎರಡನೆಯ ವರ್ಷ, ನೀರು ಬದಲಿಸಿ ಬೀಗದ ಕೀಲಿ ಹಾಕುವಷ್ಟರಲ್ಲಿ ಬಂದ ಒಂದು ಫೋನಿನಿಂದ. ಮೊದಲು ಕೋಣೆಯ ಬಾಗಿಲು ಮುಚ್ಚಿ, ಬಾಗಿಲಡಿಗೆ ಟವೆಲ್ ತುರುಕಿ. ಬೆಚ್ಚನೆಯ ಕಡೆಗಳಲ್ಲಿ, ಫ್ರಿಜ್‌ನ ಹಿಂದೆ, ರೇಡಿಯೇಟರಿನ ಅಡಿ, ಪುಸ್ತಕದ ಕಪಾಟಿನ ಹಿಂದೆ ಹುಡುಕಿ. ಸೋಫಾ ಎಳೆಯುವ ಮುನ್ನ ಅದರ ಅಡಿಯನ್ನು ಟಾರ್ಚ್ ಹಾಕಿ ನೋಡಿ.

ನಾವು ಮೂರು ಗಂಟೆ ಹುಡುಕಿ ಸೋತೆವು. ಆಗ ಮಗಳು ಅಡುಗೆಮನೆಯಿಂದ ಅಕ್ಕಿಹಿಟ್ಟು ತಂದು ಪ್ರತಿ ಬಾಗಿಲ ಹೊಸ್ತಿಲಿಗೂ ಅಂಗೈ ಅಗಲ ತೆಳ್ಳಗೆ ಎಳೆದಳು, ಅಜ್ಜಿ ಹೊಸ್ತಿಲಿಗೆ ರಂಗೋಲಿ ಎಳೆಯುವ ಹಾಗೇ. ಕಾರ್ನ್ ಸ್ನೇಕ್ ಹೆಚ್ಚಾಗಿ ಮುಸ್ಸಂಜೆ, ರಾತ್ರಿ ಓಡಾಡುವ ಹಾವು. ದೀಪ ಆರಿಸಿ ಮಲಗಿದೆವು, ಮಲಗಿದೆವು ಎಂಬುದು ಮಾತಿಗೆ. ಎರಡು ಗಂಟೆಗೆ ಎದ್ದು ನೋಡಿದರೆ ಬಚ್ಚಲಮನೆಯ ಹೊಸ್ತಿಲ ಹಿಟ್ಟಿನಲ್ಲಿ ಒಂದು ಅಲೆಯ ಗೆರೆ. ಬಿಸಿನೀರಿನ ಪೈಪು ಗೋಡೆಯೊಳಗೆ ಹೋಗುವಲ್ಲಿ, ಪೈಪಿಗೆ ಎರಡು ಸುತ್ತು ಹಾಕಿಕೊಂಡು ಜೋಳಪ್ಪ ಮಲಗಿತ್ತು. ಮೂತಿಗೆ ಹಿಟ್ಟು ಮೆತ್ತಿತ್ತು.

ಊರಿಗೆ ಹೋಗುವಾಗ

ನಾವು ಡಿಸೆಂಬರಿನಲ್ಲಿ ಮೂರು ವಾರ ಅರಸೀಕೆರೆಗೆ ಹೋಗುತ್ತೇವೆ. ಆರೋಗ್ಯವಾಗಿರುವ ಬೆಳೆದ ಹಾವು ಒಂದು ಊಟ ತಪ್ಪಿದರೆ ಸೊರಗುವುದಿಲ್ಲ. ಅರಿಯದವರ ಕೈಯಲ್ಲಿ ಊಟ ಹಾಕಿಸುವುದಕ್ಕಿಂತ ಅದೇ ಮೇಲು. ನೀರು ಮತ್ತು ಕಾವನ್ನು ಮಾತ್ರ ಯಾರಾದರೂ ದಿನಾ ನೋಡಲೇಬೇಕು. ಚಳಿಗಾಲದಲ್ಲಿ ಮನೆ ಖಾಲಿಯಿದ್ದಾಗ ಕೋಣೆಯ ಹೀಟಿಂಗ್ ಪೂರ್ತಿ ಆರಿಸಬೇಡಿ, ಬಲ್ಬೊಂದೇ ಆ ಚಳಿಗೆ ಸಾಲುವುದಿಲ್ಲ. ಪಕ್ಕದ ಮನೆಯವರಿಗೆ ಒಂದು ಸಂಜೆ ಎದುರಿಗೇ ನಿಂತು ತೋರಿಸಿಕೊಟ್ಟು, ಗಾಜಿನ ಹೊರಗೆ ಒಂದು ಚೀಟಿ ಅಂಟಿಸಿ ಹೊರಡುತ್ತೇನೆ: ನೀರು ಬದಲಿಸಿ. ಎರಡೂ ಥರ್ಮಾಮೀಟರಿನ ಫೋಟೊ ಕಳಿಸಿ. ಬೀಗ ಎಳೆದು ನೋಡಿ. ಊಟ ಹಾಕಬೇಡಿ.

ಅಲ್ಲಿ ರಾತ್ರಿ ಊಟದ ಹೊತ್ತಿಗೆ ಫೋಟೊ ಬರುತ್ತದೆ. ಕನ್ನಡಕ ಹುಡುಕಿ ಹಾಕಿಕೊಂಡು ಮೊದಲು ನೋಡುವವರು ಅತ್ತೆಯೇ. "ಒಂದು ಕಡೆ ಇಪ್ಪತ್ತೊಂಬತ್ತು, ಇನ್ನೊಂದು ಕಡೆ ಇಪ್ಪತ್ಮೂರು ಕಣೇ," ಎಂದು ಓದಿ, ಫೋನ್ ನನ್ನ ಕೈಗೆ ಕೊಡುತ್ತಾರೆ.